ಆವರಣದೊಳಗಿನ ಕಾಡುಗೋಡಿ: ವೈಟ್‌ಫೀಲ್ಡ್ ಬೇಸಾಯದ ವಸಾಹತಿನ ಚರಿತ್ರೆ

ಬೆಂಗಳೂರಿನ ನೇರಳೆ ಮಾರ್ಗದ ಮೆಟ್ರೊ ಪೂರ್ವದಲ್ಲಿ ಕೊನೆಗೊಳ್ಳುವ ನಿಲ್ದಾಣದ ಹೆಸರು ‘ವೈಟ್‌ಫೀಲ್ಡ್ (ಕಾಡುಗೋಡಿ)’. ಸಾವಿರ ವರ್ಷದ ಊರು ಆವರಣ ಚಿಹ್ನೆಯ ಒಳಗೆ, ನೂರ ನಲವತ್ತು ಚಿಲ್ಲರೆ ವರ್ಷದ ವಸಾಹತು ಹೊರಗೆ. ಕೃಷ್ಣರಾಜಪುರದಿಂದ ಇಲ್ಲಿಯವರೆಗಿನ ಹಳಿ ಉದ್ಘಾಟನೆಯಾದದ್ದು 2023ರ ಮಾರ್ಚ್ 25ರಂದು. ಐವತ್ತು ವರ್ಷ ತಮ್ಮ ಕೈಯಲ್ಲಿಟ್ಟುಕೊಂಡಿದ್ದ ಮೈಸೂರು ರಾಜ್ಯವನ್ನು ಬ್ರಿಟಿಷರು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದ್ದೂ ಮಾರ್ಚ್ 25ರಂದೇ, 1881ರಲ್ಲಿ. ದಿನಾಂಕ ಕೂಡಿಬಂದದ್ದು ಕಾಕತಾಳೀಯ. ಆದರೆ ವೈಟ್‌ಫೀಲ್ಡಿಗೆ ನೆಲ ಕೊಟ್ಟವರು ಅದೇ ಅರಸರು, ಅದರ ಮರುವರ್ಷ.

ಈ ಭಾಗದ ನೆಲದ ಬಗ್ಗೆ ಸಿಗುವ ಹಳೆಯ ದಾಖಲೆ ಕಲ್ಲಿನದು. ಕಾಡುಗೋಡಿಯ ತಮಿಳು ಶಾಸನ ರಾಜೇಂದ್ರ ಚೋಳನ ಕಾಲದ್ದು, 1043ರದ್ದು. ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿ ತೂಬು ಇರಿಸಿದ್ದನ್ನೂ ದುರ್ಗೆ, ಗಣಪತಿ, ಕ್ಷೇತ್ರಪಾಲರ ಪ್ರತಿಷ್ಠೆ ಮಾಡಿದ್ದನ್ನೂ ಅದು ಹೇಳುತ್ತದೆ. ತೂಬಿದೆ ಎಂದರೆ ಅದರ ಕೆಳಗೆ ಗದ್ದೆಯಿತ್ತು, ಉಳುವವರಿದ್ದರು, ನೀರಿನ ಸರದಿ ಹಂಚುವವನೂ ಇದ್ದನು. ಊರಿನ ಹೆಸರಿನಲ್ಲಿಯೂ ನನಗೆ ಕೆರೆಯೇ ಕಾಣುತ್ತದೆ: ಕಾಡು ಮತ್ತು ಕೋಡಿ, ತುಂಬಿದ ಕೆರೆಯ ನೀರು ಹೊರಬೀಳುವ ಕಡೆ. ಕೋಡಿಗೆ ‘ತುದಿ’ ಎಂಬ ಅರ್ಥವೂ ಇದೆ. ಕಾಡಿನ ಅಂಚು ಎಂದು ಓದಿದರೂ ತಪ್ಪಲ್ಲ. ಹೇಗೆ ಓದಿದರೂ ಇದು ನೀರು, ಮರ, ಬೇಸಾಯದ ಲೆಕ್ಕವಿದ್ದ ನೆಲ. ವಸಾಹತಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಶುರು ಮಾಡುವ ‘ಖಾಲಿ ಬಯಲು’ ಅಲ್ಲ.

ಬಯಲು ಖಾಲಿಯಾಗಿ ಕಂಡಿದ್ದರೆ ಅದಕ್ಕೆ ಕಾರಣವನ್ನು ಹತ್ತಿರದಲ್ಲೇ ಹುಡುಕಬೇಕು. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ನಡುವೆ ಬಂದದ್ದು 1876–78ರ ಮಹಾಕ್ಷಾಮ. ಉಳುವವರು ಸತ್ತೋ ಗುಳೆ ಹೋಗಿಯೋ ಹೊಲಗಳು ಬೀಳುಬಿದ್ದ ಕಾಲ ಅದು. ಸಾವಿರಾರು ಎಕರೆಯನ್ನು ಒಂದು ಸಂಘಕ್ಕೆ ಬರೆದುಕೊಡುವುದು ದರ್ಬಾರಿಗೆ ಅಷ್ಟು ಸುಲಭವಾದದ್ದರ ಹಿಂದೆ ಕ್ಷಾಮದ ನೆರಳಿದೆ ಎಂಬುದು ನನ್ನ ಊಹೆ.

ನೆಲ ಕೇಳಿದವರ ಕಷ್ಟವೂ ಸಣ್ಣದಲ್ಲ. ಭಾರತೀಯ ತಾಯಂದಿರಿಗೆ ಹುಟ್ಟಿದ ಯುರೋಪಿಯನ್ನರ ಮಕ್ಕಳಿಗೆ ಈಸ್ಟ್ ಇಂಡಿಯಾ ಕಂಪನಿಯ ಮೇಲ್ದರ್ಜೆಯ ಕೆಲಸಗಳ ಬಾಗಿಲು 1791ರಲ್ಲೇ ಮುಚ್ಚಿತ್ತು. 1795ರ ಹೊತ್ತಿಗೆ ಸೈನ್ಯದಲ್ಲಿ ಅವರಿಗೆ ಉಳಿದದ್ದು ಬ್ಯಾಂಡು ಬಾರಿಸುವ, ಕುದುರೆಗೆ ಲಾಳ ಹೊಡೆಯುವ ಕೆಲಸ. ಮುಂದೆ ರೈಲ್ವೆ, ತಂತಿ, ಸುಂಕದ ಕಚೇರಿಗಳು ಕೈಹಿಡಿದವು. ಆದರೆ 1870ರ ದಶಕದ ವೇಳೆಗೆ ಶಾಲೆ ಕಲಿತ ಭಾರತೀಯರು ಅದೇ ಗುಮಾಸ್ತಿಕೆಗೆ ಸಾಲು ನಿಂತಿದ್ದರು. ಆಗ ಅವರನ್ನು ಕರೆಯುತ್ತಿದ್ದ ಹೆಸರು ಯುರೇಷಿಯನ್. ಆಂಗ್ಲೋ–ಇಂಡಿಯನ್ ಎಂಬುದು ಸರ್ಕಾರಿ ಕಾಗದದಲ್ಲಿ ನೆಲೆಗೊಂಡದ್ದು 1911ರ ಜನಗಣತಿಯ ಹೊತ್ತಿಗೆ. ಇವರಿಗಾಗಿ 1879ರಲ್ಲಿ ಮದ್ರಾಸಿನಲ್ಲಿ ಸಂಘ ಕಟ್ಟಿದವರು ಡೇವಿಡ್ ಇಮ್ಯಾನ್ಯುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್. ಗುಮಾಸ್ತಿಕೆಯನ್ನೇ ನೆಚ್ಚಿಕೊಳ್ಳದೆ ನೆಲಕ್ಕೆ ಇಳಿಯಬೇಕು ಎಂಬುದು ಅವರ ಯೋಚನೆ. 1882ರಲ್ಲಿ ಮೈಸೂರು ಸರ್ಕಾರ ಸಂಘಕ್ಕೆ 3,900 ಎಕರೆ ಕೊಟ್ಟಿತು. ಅದರಲ್ಲಿ ವೈಟ್‌ಫೀಲ್ಡ್, ಸಾಸ್ಮಂಡ್ ಮುಂತಾದ ಬಡಾವಣೆಗಳ ನಕ್ಷೆ ಬಿತ್ತು. ವೈಟ್ 1889ರಲ್ಲಿ ತೀರಿಕೊಂಡರು. ಹೆಸರು ಊರಾಗಿ ಉಳಿಯಿತು.

ನಕ್ಷೆಯ ಬಗ್ಗೆ ತುಸು ನಿಂತು ಹೇಳಬೇಕು. ನಡುವೆ ದುಂಡನೆಯ ಬಯಲು, ಅದರ ಸುತ್ತ ಒಂದು ಬಳಸು ರಸ್ತೆ, ಅದರಾಚೆ ಇನ್ನೊಂದು. ಇಂದಿಗೂ ಅವುಗಳನ್ನು ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂದೇ ಕರೆಯುತ್ತಾರೆ. ನಮ್ಮ ಕಡೆಯ ಊರು ಹೀಗೆ ಬೆಳೆಯುವುದಿಲ್ಲ. ಕೆರೆ ಏರಿ, ಅರಳಿಕಟ್ಟೆ, ಗುಡಿ, ಕಣ, ಅಲ್ಲಲ್ಲಿ ಕೇರಿಗಳು. ನೀರು ಮತ್ತು ಜಾತಿ ಎರಡೂ ಸೇರಿ ಎಳೆದ ಗೆರೆಗಳವು. ಇಲ್ಲಿಯ ದುಂಡು ಇಂಗ್ಲೆಂಡಿನ ಹಳ್ಳಿಯ ಹಸಿರು ಬಯಲಿನ ನೆನಪು, ಆ ಹಳ್ಳಿಯನ್ನು ಬಹುತೇಕರು ಕಣ್ಣಾರೆ ಕಂಡಿರದ ಜನರ ನೆನಪು.

ಹೊಲ ಉತ್ತವರು ಯಾರು? 1907ರ ಸುಮಾರಿನ ವಿವರದಂತೆ ವೈಟ್‌ಫೀಲ್ಡಿನಲ್ಲಿದ್ದದ್ದು 45 ಮನೆ, 130 ಜನ. 45ರಲ್ಲಿ 18 ಮನೆಗಳು ಮಾತ್ರ ಊರ ನಿವೇಶನದಲ್ಲಿದ್ದವು. ಪ್ರತಿಯೊಂದಕ್ಕೂ ಹೂವು, ಹಣ್ಣಿನ ತೋಟವಿರುವ ಕಾಂಪೌಂಡು. ಅಂದರೆ ಮನೆಗೆ ಸರಾಸರಿ ಮೂವರೂ ಇಲ್ಲ. ಮುದುಕರು, ಮಕ್ಕಳು ಸೇರಿದ ಮೂವರು ಕೆಂಪು ಮಣ್ಣಿನ ಖುಷ್ಕಿಯನ್ನು ಉತ್ತು, ಹರಗಿ, ಕಳೆ ತೆಗೆದು, ರಾಗಿ ಒಕ್ಕುವುದು ಸಾಧ್ಯವಿಲ್ಲದ ಮಾತು. ಕೈಗಳು ಸುತ್ತಲ ಹಳ್ಳಿಗಳಿಂದಲೇ ಬಂದಿರಬೇಕು: ಕಾಡುಗೋಡಿ, ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಹಗದೂರು, ಇಮ್ಮಡಿಹಳ್ಳಿ. ವಸಾಹತಿನ ಚರಿತ್ರೆಯಲ್ಲಿ ಈ ಕೈಗಳಿಗೆ ಹೆಸರಿಲ್ಲ. ಕಾಡುಗೋಡಿಯನ್ನು ಆವರಣದೊಳಕ್ಕೆ ತಳ್ಳುವ ಕೆಲಸ ಆಗಲೇ ಆರಂಭವಾಗಿತ್ತು.

ಉತ್ತರ ಜರ್ಮನಿಯ ಜಮೀನುದಾರಿ ಹಳ್ಳಿಗಳ ಜೊತೆ ಇಟ್ಟು ನೋಡಿದರೆ ಇಲ್ಲಿಯ ವಿಚಿತ್ರ ತಿಳಿಯುತ್ತದೆ. ಅಲ್ಲಿ ನಡುವೆ ಧಣಿಯ ದೊಡ್ಡ ಮನೆ, ಕೊಟ್ಟಿಗೆ, ಕಣಜ. ಎದುರಿಗೆ ಆಳುಗಳ ಮನೆಗಳ ಸಾಲು. ಪ್ರಷ್ಯದಲ್ಲಿ 1807ರ ಶಾಸನ ರೈತರನ್ನು ಜೀತದಿಂದ ಬಿಡಿಸಿತು, ಆದರೆ ಮುಂದಿನ ಕಾಯಿದೆಗಳಲ್ಲಿ ಬಿಡುಗಡೆಯ ಬೆಲೆಯಾಗಿ ನೆಲದ ಪಾಲು ಧಣಿಗೇ ಸೇರಿ, ಅನೇಕರು ಕಾಳು ಮತ್ತು ತುಂಡು ಹಿತ್ತಲಿಗೆ ದುಡಿಯುವ ಆಳುಗಳಾದರು. ಧಣಿ ಯಾರು, ಆಳು ಯಾರು ಎಂಬುದು ಅಲ್ಲಿ ಊರಿನ ಆಕಾರದಲ್ಲೇ ಬರೆದಿರುತ್ತದೆ. ವೈಟ್‌ಫೀಲ್ಡಿನ ದುಂಡಿನಲ್ಲಿ ಎಲ್ಲರೂ ಸಣ್ಣ ಸಣ್ಣ ಧಣಿಗಳು, ಆಳುಗಳ ಸಾಲು ನಕ್ಷೆಯಲ್ಲೇ ಇಲ್ಲ.

ಕನ್ನಡ ನಾಡಿನಲ್ಲಿ ಜರ್ಮನ್ ಮಾತಾಡುವವರು ನಡೆಸಿದ ಪ್ರಯೋಗವೂ ಇದೆ. ಬಾಸೆಲ್ ಮಿಷನ್ 1840ರ ದಶಕದಲ್ಲಿ ಗದಗಿನ ಬಳಿಯ ಮಲಸಮುದ್ರದಲ್ಲಿ ಬೇಸಾಯದ ವಸಾಹತು ಹೂಡಿ ಸೋತಿತು. ಅದೇ ಮಿಷನ್ ಮಗ್ಗ ಹೂಡಿ ಗೆದ್ದಿತು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿ ಇನ್ನೂ ಚೆನ್ನಾಗಿ ಗೆದ್ದಿತು. 1933ರಲ್ಲಿ ಅರ್ನೆಸ್ಟ್ ಟಿಮೊತಿ ಮೆಕ್ಲಸ್ಕಿ ಈಗಿನ ಜಾರ್ಖಂಡಿನಲ್ಲಿ ಆಂಗ್ಲೋ–ಇಂಡಿಯನ್ನರಿಗಾಗಿ ಕಟ್ಟಿದ ಮೆಕ್ಲಸ್ಕಿಗಂಜ್‌ನಲ್ಲಿಯೂ ಮನೆಗಳು ಎದ್ದವು, ಬೇಸಾಯ ಏಳಲಿಲ್ಲ. ರಾಗಿ ಬೆಳೆಯುವುದನ್ನು ಕಾಗದ ನೋಡಿ ಕಲಿಯಲಾಗುವುದಿಲ್ಲ.

ವೈಟ್‌ಫೀಲ್ಡನ್ನು ಉಳಿಸಿದ್ದು ರೈಲು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಹಳಿ ಬಂದದ್ದು 1864ರಲ್ಲಿ, ವಸಾಹತಿಗಿಂತ 18 ವರ್ಷ ಮೊದಲು. ಹತ್ತಿರದ ನಿಲ್ದಾಣ ಇದ್ದದ್ದು ಕಾಡುಗೋಡಿಯಲ್ಲಿ. ಇಂದು ಅದರ ಫಲಕದ ಮೇಲೂ ವೈಟ್‌ಫೀಲ್ಡ್ ಎಂದೇ ಇದೆ. ಊರು ಬೇಸಾಯಗಾರರದ್ದಾಗುವ ಬದಲು ತಣ್ಣಗೆ ಬದುಕು ಕಳೆಯುವವರದ್ದಾಯಿತು. 1886ರಲ್ಲಿ ಮೆಮೋರಿಯಲ್ ಚರ್ಚ್ ಎದ್ದಿತು. ಇನ್ನರ್ ಸರ್ಕಲ್‌ನ ವೇವರ್ಲಿ ಇನ್ ಬಗ್ಗೆ ಒಂದು ಕಥೆ ಎಲ್ಲರಿಗೂ ಗೊತ್ತು: ತರುಣ ವಿನ್‌ಸ್ಟನ್ ಚರ್ಚಿಲ್ ಅಲ್ಲಿಯ ಮಾಲೀಕರ ಮಗಳ ಬೆನ್ನು ಬಿದ್ದು ದಂಡಿನಿಂದ ಬರುತ್ತಿದ್ದನಂತೆ. ಚರ್ಚಿಲ್ 1896ರಲ್ಲಿ ಬೆಂಗಳೂರಿಗೆ ಬಂದದ್ದು ನಿಜ. ಅವನು 1930ರಲ್ಲಿ ಪ್ರಕಟಿಸಿದ ‘ಮೈ ಅರ್ಲಿ ಲೈಫ್’ನಲ್ಲಿ ಬೆಂಗಳೂರಿನ ಪೋಲೊ ಇದೆ, ಗುಲಾಬಿ ತೋಟವಿದೆ, ಗಿಬ್ಬನ್ ಓದಿದ್ದು ಇದೆ, ಪ್ರೇಮದ ಸುದ್ದಿ ಇಲ್ಲ. ಬಂಗಲೆ ಮಾರುವವರಿಗೆ ಈ ಕಥೆ ಉಪಯೋಗಕ್ಕೆ ಬಿದ್ದಷ್ಟು ಚರಿತ್ರೆಗೆ ಬೀಳುವುದಿಲ್ಲ.

ಚರ್ಚಿಲ್ ಬಂದ ವರ್ಷವೇ ಇಲ್ಲಿಗೆ ಇನ್ನೊಂದು ಕಾಗದ ಬಂದಿತು, ಅದರ ತೂಕ ದೊಡ್ಡದು. ಚಾಮರಾಜೇಂದ್ರ ಒಡೆಯರು 1894ರ ಕೊನೆಯಲ್ಲಿ ತೀರಿಕೊಂಡು ಮಹಾರಾಣಿ ವಾಣಿ ವಿಲಾಸರ ರೀಜೆನ್ಸಿ ನಡೆಯುತ್ತಿದ್ದ ಆ 1896ರಲ್ಲಿ ಕಾಡುಗೋಡಿ ಪ್ಲಾಂಟೇಷನ್ನಿನ 711 ಎಕರೆ ಅರಣ್ಯವೆಂದು ಘೋಷಣೆಯಾಯಿತು. ಹದಿನಾಲ್ಕು ವರ್ಷಗಳ ಅಂತರದಲ್ಲಿ ಅಕ್ಕಪಕ್ಕದ ನೆಲಕ್ಕೆ ಎರಡು ಹಣೆಬರಹ: ಒಂದು ಕಡೆ ಹೊರಗಿನವರಿಗೆ ಹೊಲ, ಇನ್ನೊಂದು ಕಡೆ ಸುತ್ತಲಿನವರಿಗೆ ಬೇಲಿ. 2025ರ ಜೂನ್‌ನಲ್ಲಿ ಅರಣ್ಯ ಇಲಾಖೆ ಅದರಲ್ಲಿ 120 ಎಕರೆಯನ್ನು ಒತ್ತುವರಿ ಎಂದು ತೆರವುಗೊಳಿಸಿದಾಗ ಮುಂದಿಟ್ಟದ್ದು ಆ 1896ರ ಘೋಷಣೆಯನ್ನೇ. ಈ ಜಮೀನು 1950ರಲ್ಲಿ ತಮಗೆ ಮಂಜೂರಾದದ್ದು ಎಂಬುದು ದಿಣ್ಣೂರಿನ ದಲಿತ ಕುಟುಂಬಗಳ ವಾದ. 1882ರ ಕೊಡುಗೆಯ ನೆಲ ಬಂಗಲೆಯಾಗಿ, ಬಂಗಲೆ ಅಪಾರ್ಟ್‌ಮೆಂಟಾಗಿ ಕೈ ಬದಲಿಸಿದ ಬಗೆಗೆ ಇಷ್ಟು ಗಟ್ಟಿಯಾಗಿ ಯಾರೂ ಕಾಗದ ಕೇಳಿಲ್ಲ.

ಉಳಿದದ್ದು ಬೇಗ ನಡೆಯಿತು. 1960ರಲ್ಲಿ ಕಾಡುಗೋಡಿಯಲ್ಲಿ ಸತ್ಯ ಸಾಯಿಬಾಬಾ ಅವರ ಬೃಂದಾವನ ಆಶ್ರಮ ಬಂದಿತು. 1990ರ ದಶಕದಲ್ಲಿ ಸಿಂಗಪುರದ ಬಂಡವಾಳ, ಟಾಟಾ ಮತ್ತು ರಾಜ್ಯ ಸರ್ಕಾರ ಕೂಡಿ ಕಟ್ಟಿದ ಐಟಿ ಪಾರ್ಕ್ ಎದ್ದದ್ದು ಪಟ್ಟಂದೂರು ಅಗ್ರಹಾರದಲ್ಲಿ, ಕೆರೆ ಕಟ್ಟಿಸಿದ್ದನ್ನು 1043ರ ಶಾಸನ ಹೇಳುವ ಅದೇ ಊರಿನಲ್ಲಿ. ಜರ್ಮನಿಯ ಸ್ಯಾಪ್ ಕಂಪನಿಯ ಕಚೇರಿಯೂ ಈ ಭಾಗಕ್ಕೆ ಬಂದಿತು. ಬೇಸಾಯಕ್ಕೆಂದು ಪಡೆದ ಹೆಸರು ಸಾಫ್ಟ್‌ವೇರಿಗೆ ಅಂಟಿ, ಗುಂಜೂರಿನ ಅಂಚಿನವರೂ ತಮ್ಮ ವಿಳಾಸಕ್ಕೆ ವೈಟ್‌ಫೀಲ್ಡ್ ಸೇರಿಸಿಕೊಳ್ಳುತ್ತಾರೆ.

ಮೆಟ್ರೊದಲ್ಲಿ ಬರುವವರು ಗಮನಿಸಬಹುದು. ಕೊನೆಯ ನಿಲ್ದಾಣಕ್ಕೆ ಮೂರು ನಿಲ್ದಾಣ ಮುಂಚೆ ‘ಪಟ್ಟಂದೂರು ಅಗ್ರಹಾರ’, ಆಮೇಲೆ ‘ಕಾಡುಗೋಡಿ ಟ್ರೀ ಪಾರ್ಕ್’. ಅಲ್ಲಿ ಆವರಣ ಚಿಹ್ನೆಯಿಲ್ಲ. ಆ ಟ್ರೀ ಪಾರ್ಕ್‌ನ ಗಿಡಮರ ನಿಂತಿರುವುದು ಪ್ಲಾಂಟೇಷನ್ನಿನ ನೆಲದಲ್ಲಿ.