ಸೀಸರನ ನಾಣ್ಯವೂ ಕೊರ್ದೊಬದ ಧರ್ಮಾಧ್ಯಕ್ಷರೂ

ಮತ್ತಾಯನ ಶುಭಸಂದೇಶದಲ್ಲಿ ಬರುವ ತೆರಿಗೆಯ ಪ್ರಸಂಗವನ್ನು (22:15-22) ನಾವು ಬಹುಮಟ್ಟಿಗೆ ಒಂದು ಪಾಲುಪತ್ರದಂತೆ ಓದುತ್ತೇವೆ: ಇಷ್ಟು ರಾಜ್ಯಕ್ಕೆ, ಇಷ್ಟು ದೇವಾಲಯಕ್ಕೆ. ಹಾಗೆ ಓದಿದಾಗ ದೇವರು ಸೀಸರನ ಪಕ್ಕದ ಹೊಲದ ಒಡೆಯರಾಗಿಬಿಡುತ್ತಾರೆ, ಅಷ್ಟೆ.

ಮೂಲ ಗ್ರೀಕ್ ಪಠ್ಯ ಇದಕ್ಕೆ ಆಸ್ಪದ ಕೊಡುವುದಿಲ್ಲ. ಬಂದವರು ಕೇಳಿದ್ದು ತೆರಿಗೆಯನ್ನು 'ಕೊಡುವ' ಬಗ್ಗೆ. ಪ್ರಭು ಉತ್ತರಿಸಿದ್ದು 'ಹಿಂದಿರುಗಿಸುವ' ಬಗ್ಗೆ. ನಾಣ್ಯದ ಮೇಲಣ ರೂಪಕ್ಕೆ ಇಲ್ಲಿ ಬಳಸಿರುವ 'ಐಕೋನ್' ಎಂಬ ಪದವೇ ಆದಿಕಾಂಡದ ಗ್ರೀಕ್ ಅನುವಾದದಲ್ಲಿ (1:26-27) ಮಾನವನ ಸೃಷ್ಟಿಯನ್ನು ಹೇಳುವಾಗಲೂ ಬರುತ್ತದೆ. ಕಾರ್ಥೇಜಿನ ತೆರ್ತುಲ್ಲಿಯನ್ ವಿಗ್ರಹಾರಾಧನೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ಎಳೆಯನ್ನು ಹಿಡಿದರು. ಸೀಸರನ ಪ್ರತಿಮೆ ನಾಣ್ಯದ ಮೇಲಿದೆ, ಅದು ಅವನಿಗೆ ಸಲ್ಲಲಿ. ದೇವರ ಪ್ರತಿಮೆ ಮನುಷ್ಯನಲ್ಲಿದೆ, ಮನುಷ್ಯ ದೇವರಿಗೆ ಸಲ್ಲಲಿ ಎಂಬುದು ಅವರ ವಾದ. ಆದರೆ ಸೀಸರನೂ ಮನುಷ್ಯನೇ ಅಲ್ಲವೆ? ಅವನು ಯಾರಿಗೆ ಸಲ್ಲಬೇಕು? ಚಕ್ರವರ್ತಿಯೇ ಕ್ರೈಸ್ತನಾದ ನಾಲ್ಕನೆಯ ಶತಮಾನದಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದ್ದಾಯಿತು.

ಅದನ್ನು ಎದುರಿಸಿದವರು ಸ್ಪೇನಿನ ಕೊರ್ದೊಬದ ಧರ್ಮಾಧ್ಯಕ್ಷ ಒಸಿಯುಸ್. ಹಿಂಸಾಕಾಲದಲ್ಲಿ ವಿಶ್ವಾಸಕ್ಕಾಗಿ ನೋವುಂಡವರು; ಬಳಿಕ ಕಾನ್‌ಸ್ಟಂಟೈನನ ಆಪ್ತ ಸಲಹೆಗಾರರು. 325ರ ನಿಸೇಯ ಮಹಾಸಭೆಯ ಸಹಿಗಳ ಪಟ್ಟಿಯಲ್ಲಿ ಮೊದಲ ಹೆಸರು ಅವರದು. 343ರ ಸಾರ್ದಿಕ ಸಭೆಯಲ್ಲಿ, ಧರ್ಮಾಧ್ಯಕ್ಷರು ಸಲ್ಲದ ಅಹವಾಲುಗಳನ್ನು ಹೊತ್ತು ಅರಮನೆಗೆ ಅಲೆಯಬಾರದೆಂಬ ನಿಯಮವನ್ನು ಮಂಡಿಸಿದವರೂ ಅವರೇ. ಅರಮನೆಯನ್ನು ಒಳಗಿನಿಂದ ಬಲ್ಲವರ ಮಾತು ಅದು.

ಕಾನ್‌ಸ್ಟಂಟೈನನ ಮಗ ಎರಡನೆಯ ಕಾನ್‌ಸ್ಟಂಷಿಯಸ್ 355ರಲ್ಲಿ ಮಿಲಾನಿನಲ್ಲಿ ಧರ್ಮಾಧ್ಯಕ್ಷರನ್ನು ಸೇರಿಸಿ, ಅಥನಾಸಿಯುಸರ ಖಂಡನೆಗೆ ಒಪ್ಪದವರನ್ನು ಗಡೀಪಾರು ಮಾಡಿದ. ತನ್ನ ಇಚ್ಛೆಯೇ ಧರ್ಮಸಭೆಯ ನಿಯಮವೆಂದು ಅವನು ಸಾರಿದನೆಂದು ಅಥನಾಸಿಯುಸರು ಬರೆದಿದ್ದಾರೆ. ಒಸಿಯುಸರ ಮೇಲೂ ಒತ್ತಡ ಬಂದಾಗ ಅವರು ಬರೆದ ಓಲೆಯನ್ನು ಉಳಿಸಿಕೊಟ್ಟವರೂ ಅಥನಾಸಿಯುಸರೇ. ಅದರಲ್ಲಿ ವೃದ್ಧ ಧರ್ಮಾಧ್ಯಕ್ಷರು ಮತ್ತಾಯನ ಈ ವಾಕ್ಯವನ್ನೇ ಮುಂದಿಟ್ಟು, ರಾಜ್ಯವಾಳುವುದು ತಮ್ಮ ಅಧಿಕಾರವಲ್ಲ, ಧೂಪವರ್ಪಿಸುವುದು ಚಕ್ರವರ್ತಿಯ ಅಧಿಕಾರವಲ್ಲ ಎನ್ನುತ್ತಾರೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತವೆ. ಆಗ ಮತ್ತೆ ಪಾಲುಪತ್ರವೇ ಕೈಗೆ ಬರುತ್ತದೆ. ಆದರೆ ಅದೇ ಓಲೆಯಲ್ಲಿ ಒಸಿಯುಸರು ಚಕ್ರವರ್ತಿಗೆ ಅವನು ಮರ್ತ್ಯನೆಂಬುದನ್ನು ನೆನಪಿಸಿ, ನ್ಯಾಯತೀರ್ಪಿನ ದಿನಕ್ಕೆ ಅಂಜುವಂತೆ ಹೇಳುತ್ತಾರೆ. ಓಲೆಯ ತಿರುಳು ಇಲ್ಲಿದೆಯೆಂದು ನಮ್ಮ ಅಭಿಮತ. ದೇವರದ್ದು ಸೀಸರನ ಪಾಲಿನ ಆಚೆಗಿರುವ ಇನ್ನೊಂದು ಪಾಲಲ್ಲ. ಸೀಸರನೇ ದೇವರ ಪಾಲಿನೊಳಗಿದ್ದಾನೆ. ತೆರಿಗೆ ಸಲ್ಲಿಸುವುದೂ ಆ ಪ್ರಭುತ್ವದ ಅಡಿಯಲ್ಲಿಯೇ ನಡೆಯುವ ಕಾರ್ಯ.

ಇಷ್ಟು ಸ್ಪಷ್ಟವಾಗಿ ಬರೆದ ಕೈ ಆಮೇಲೆ ಸೋತಿತು. ಸಿರ್ಮಿಯಮ್ಮಿನಲ್ಲಿ ಒಂದು ವರ್ಷ ತಡೆದಿರಿಸಿ ಪೀಡಿಸಿದ ಮೇಲೆ, ನೂರರ ಅಂಚಿನಲ್ಲಿದ್ದ ಒಸಿಯುಸರು ಆರಿಯಸ್ ಪಕ್ಷದ ಧರ್ಮಾಧ್ಯಕ್ಷರೊಂದಿಗೆ ಅನ್ಯೋನ್ಯತೆಗೆ ಒಪ್ಪಿದರು. ಪುತ್ರನು ಪಿತನೊಡನೆ ಏಕಸತ್ವನೆಂಬ ನಿಸೇಯದ ಪದವನ್ನೇ ನಿಷೇಧಿಸಿದ 357ರ ಸಿರ್ಮಿಯಂ ಸೂತ್ರದೊಡನೆ ಅವರ ಹೆಸರು ತಳಕು ಹಾಕಿಕೊಂಡಿತು. ಪ್ವಾತಿಯೆಯ ಹಿಲರಿಯವರು ಅದನ್ನು ದೇವದೂಷಣೆಯೆಂದೇ ಕರೆದು, ಒಸಿಯುಸರನ್ನು ಕ್ಷಮಿಸಲಿಲ್ಲ.

ಗುರುಮಠದ ತರಗತಿಯಲ್ಲಿ ಈ ಭಾಗವನ್ನು ಹಾರಿಸಿ ಹೋಗುವುದು ಸುಲಭ. ಆದರೆ ದೇವರ ಪ್ರಭುತ್ವವನ್ನು ಸಾರಿದವರ ದೃಢತೆಯೇ ಆ ಪ್ರಭುತ್ವಕ್ಕೆ ಆಧಾರವಾಗಿದ್ದಿದ್ದರೆ, ನಿಸೇಯದ ವಿಶ್ವಾಸ 357ರಲ್ಲಿಯೇ ಮುಗಿಯಬೇಕಿತ್ತು. 361ರಲ್ಲಿ ಕಾನ್‌ಸ್ಟಂಷಿಯಸ್ ಮಡಿದ. 381ರಲ್ಲಿ ಕಾನ್‌ಸ್ಟಾಂಟಿನೋಪಲಿನ ಮಹಾಸಭೆ ನಿಸೇಯದ ವಿಶ್ವಾಸವನ್ನು ದೃಢೀಕರಿಸಿತು. ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಜನರು ವಿಶ್ವಾಸಸಂಗ್ರಹದಲ್ಲಿ ನಿವೇದಿಸುವುದು ಅದನ್ನೇ.

ಸೋತ ಹಿರಿಯರ ಕುರಿತು ಕಟುವಾಗಿ ಬರೆಯಲು ಎಲ್ಲರಿಗಿಂತ ಹೆಚ್ಚು ಕಾರಣವಿದ್ದವರು ಅಥನಾಸಿಯುಸರು. ಅವರು ಬರೆದದ್ದು ಬೇರೆ: ಒಸಿಯುಸರು ತಮ್ಮ ಖಂಡನೆಗೆ ಮಾತ್ರ ಕೊನೆಯವರೆಗೂ ಸಹಿ ಹಾಕಲಿಲ್ಲ, ಸಾವು ಸಮೀಪಿಸಿದಾಗ ತಮ್ಮ ಮೇಲೆ ನಡೆದ ಬಲಾತ್ಕಾರಕ್ಕೆ ಸಾಕ್ಷಿ ನುಡಿದು, ಆರಿಯಸ್ ಪಂಥವನ್ನು ಧಿಕ್ಕರಿಸಿದರು. ಪೂರ್ವದ ಧರ್ಮಸಭೆ ಇಂದಿಗೂ ಅವರನ್ನು ಸಂತರ ಸಾಲಿನಲ್ಲಿ ಸ್ಮರಿಸುತ್ತದೆ.