ಅಪ್ಪ ಹುಟ್ಟಿದ ದೇಶ, ಮಗ ಬಿಟ್ಟ ಸೀಟು: ಟೆನಿಸ್ ಆಟಗಾರ ಜಾನ್ ಅಲೆಕ್ಸಾಂಡರ್ ಸಂಸದರಾದ ಕಥೆ

ಇವತ್ತಿನ ಸಂಚಿಕೆಯನ್ನ ಒಂದು ಸಂಖ್ಯೆಯಿಂದ ಶುರು ಮಾಡೋಣ. 327.

1974ರಲ್ಲಿ ಕಲ್ಕತ್ತಾದಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ನಡುವೆ ಡೇವಿಸ್ ಕಪ್ ಹಣಾಹಣಿ ನಡೀತು. ಐದು ಮ್ಯಾಚ್, ಒಟ್ಟು 327 ಗೇಮ್. ಡೇವಿಸ್ ಕಪ್ ಚರಿತ್ರೆಯಲ್ಲಿ ಇದು ದಾಖಲೆ. ಆಗ ಅಲ್ಲಿ ಟೈ-ಬ್ರೇಕ್ ಇರಲಿಲ್ಲ. ಎರಡು ಗೇಮ್ ಅಂತರ ಸಿಗೋವರೆಗೂ ಸೆಟ್ ಮುಗೀತಾನೇ ಇರಲಿಲ್ಲ. ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರು ಆಡಿದ ಡಬಲ್ಸ್ ಸ್ಕೋರ್ ಕೇಳಿ: 17-15, 6-8, 6-3, 16-18, 6-4. ಒಂದೇ ಮ್ಯಾಚ್‌ನಲ್ಲಿ 99 ಗೇಮ್!

ಹಿಂದಿನ ವರ್ಷವಷ್ಟೇ ಕಪ್ ಗೆದ್ದಿದ್ದ ಆಸ್ಟ್ರೇಲಿಯಾವನ್ನ ಭಾರತ 3-2ರಿಂದ ಸೋಲಿಸಿತು. ಕೊನೆಗೆ ಫೈನಲ್‌ಗೂ ಹೋಯ್ತು. ಆದ್ರೆ ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿನ ವರ್ಣಭೇದ ನೀತಿಯನ್ನ ವಿರೋಧಿಸಿ ಭಾರತ ಆ ಫೈನಲ್ ಆಡಲೇ ಇಲ್ಲ. ಕಪ್ ಆಟವಿಲ್ಲದೆ ದಕ್ಷಿಣ ಆಫ್ರಿಕಾಗೆ ಹೋಯ್ತು. ಇಷ್ಟು ಕಥೆ ನಮ್ಮಲ್ಲಿ ಹಲವರಿಗೆ ಗೊತ್ತು.

ನಾನು ಇವತ್ತು ಹೇಳೋಕೆ ಹೊರಟಿರೋದು ನೆಟ್‌ನ ಆ ಕಡೆ ನಿಂತಿದ್ದ ಆಟಗಾರನ ಕಥೆ. ಹೆಸರು ಜಾನ್ ಅಲೆಕ್ಸಾಂಡರ್, ಆಗ 22 ವರ್ಷ. ಎರಡೂ ಸಿಂಗಲ್ಸ್ ಗೆದ್ದರು, ಕಾಲಿನ್ ಡಿಬ್ಲಿ ಜೊತೆ ಆ ಡಬಲ್ಸ್ ಸೋತರು. ಲೆಕ್ಕ ಹಾಕಿ ನೋಡಿದೆ, 327 ಗೇಮ್‌ಗಳಲ್ಲಿ 212 ಗೇಮ್ ಅವರೊಬ್ಬರೇ ಕೋರ್ಟ್‌ನಲ್ಲಿದ್ದು ಆಡಿದ್ದು. ಅಷ್ಟು ಮಾಡಿಯೂ ತಂಡ ಸೋತಿತು.

ಮೊದಲು ಅವರ ಟೆನಿಸ್ ಬಗ್ಗೆ ಬೇಗ ಹೇಳಿಬಿಡ್ತೀನಿ. ಹುಟ್ಟಿದ್ದು 1951ರಲ್ಲಿ, ಸಿಡ್ನಿಯಲ್ಲಿ. 17ನೇ ವಯಸ್ಸಿಗೇ, ಅಂದ್ರೆ 1968ರಲ್ಲಿ, ಡೇವಿಸ್ ಕಪ್ ಫೈನಲ್‌ನ ಡಬಲ್ಸ್ ಆಡಿದರು. 1975ರಲ್ಲಿ ವಿಶ್ವದ 8ನೇ ರ‍್ಯಾಂಕ್. ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಎರಡು ಸಲ ಗೆದ್ದರು. 1977ರಲ್ಲಿ ಸಿಡ್ನಿಯಲ್ಲಿ ಇಟಲಿ ವಿರುದ್ಧ ಡೇವಿಸ್ ಕಪ್ ಫೈನಲ್. ಆಡ್ರಿಯಾನೊ ಪನಾಟ್ಟಾ ಎದುರು ಐದನೇ ಸೆಟ್ 11-9ರವರೆಗೆ ಹೋಗಿ ಗೆದ್ದರು, ಕಪ್ ಆಸ್ಟ್ರೇಲಿಯಾಕ್ಕೆ ಬಂತು. ಆಟ ಬಿಟ್ಟ ಮೇಲೆ ಟಿವಿಯಲ್ಲಿ ಟೆನಿಸ್ ಕಾಮೆಂಟರಿ.

ಸರಿ, ಈಗ ರಾಜಕೀಯಕ್ಕೆ ಬರೋಣ. ಆಟಗಾರರು ರಾಜಕೀಯಕ್ಕೆ ಬಂದಿದ್ದು ಹೊಸದೇನಲ್ಲ. ರಷ್ಯಾದ ಮರಾಟ್ ಸಫಿನ್ ಅಲ್ಲಿನ ಸಂಸತ್ತು ಡೂಮಾಗೆ ಹೋದರು. ರೊಮೇನಿಯಾದ ಇಲಿ ನಸ್ತಾಸೆ ಸೆನೆಟರ್ ಆದರು. ನಮ್ಮ ಲಿಯಾಂಡರ್ ಪೇಸ್ 2021ರಲ್ಲಿ ತೃಣಮೂಲ ಕಾಂಗ್ರೆಸ್ ಸೇರಿದರು. ಹಾಗಾದ್ರೆ ಅಲೆಕ್ಸಾಂಡರ್ ಯಾಕೆ? ಯಾಕಂದ್ರೆ ಅವರ ಕಥೆಯಲ್ಲಿ ಒಂದು ದೊಡ್ಡ ಪ್ರಶ್ನೆ ಇದೆ. ನೀವು ಯಾವ ದೇಶದವರು ಅಂತ ನಿರ್ಧಾರ ಮಾಡೋದು ಯಾರು? ನೀವಾ, ನಿಮ್ಮಪ್ಪನಾ, ಅಥವಾ ಇನ್ಯಾವುದೋ ದೇಶದ ಕಾನೂನಾ?

ಸಿಡ್ನಿಯಲ್ಲಿ ಬೆನೆಲಾಂಗ್ ಅನ್ನೋ ಲೋಕಸಭಾ ಕ್ಷೇತ್ರ ಇದೆ. 1974ರಿಂದ, ಅಂದ್ರೆ ನಮ್ಮ ಕಲ್ಕತ್ತಾ ಪಂದ್ಯದ ವರ್ಷದಿಂದಲೇ, ಅದು ಲಿಬರಲ್ ಪಕ್ಷದ ಜಾನ್ ಹೋವರ್ಡ್ ಅವರ ಸೀಟು. ಅವರು 1996ರಲ್ಲಿ ಪ್ರಧಾನಿಯೂ ಆದರು. ಆದ್ರೆ 2007ರಲ್ಲಿ ಪ್ರಧಾನಿಯಾಗಿದ್ದಾಗಲೇ ಅದೇ ಸೀಟಲ್ಲಿ, ಪತ್ರಕರ್ತೆಯಾಗಿದ್ದ ಮ್ಯಾಕ್ಸಿನ್ ಮೆಕ್ಯೂ ಎದುರು ಸೋತರು. ಆಸ್ಟ್ರೇಲಿಯಾದಲ್ಲಿ ಹಾಲಿ ಪ್ರಧಾನಿ ತನ್ನ ಕ್ಷೇತ್ರವನ್ನೇ ಕಳ್ಕೊಂಡಿದ್ದು ಅದು ಎರಡನೇ ಸಲ ಮಾತ್ರ. ಮೊದಲನೆಯದು 1929ರಲ್ಲಿ. ಇಂಥ ಮಾನ ಹೋದ ಸೀಟನ್ನ ವಾಪಸ್ ತರೋಕೆ ಲಿಬರಲ್ ಪಕ್ಷ 2010ರಲ್ಲಿ ನಿಲ್ಲಿಸಿದ್ದು ನಮ್ಮ ಟೆನಿಸ್ ಆಟಗಾರನನ್ನ. ಗೆದ್ದರು. 2013, 2016ರಲ್ಲೂ ಗೆದ್ದರು. ಮಂತ್ರಿಯಾಗಲಿಲ್ಲ. ಹೈಸ್ಪೀಡ್ ರೈಲು ಬೇಕು, ಸಿಡ್ನಿ-ಮೆಲ್ಬರ್ನ್ ಮೇಲಿನ ಭಾರ ಇಳಿಸಿ ಬೇರೆ ಊರು ಬೆಳೆಸಬೇಕು ಅಂತ ವರ್ಷಗಟ್ಟಲೆ ಹೇಳ್ತಾ ಬಂದ ಹಿಂದಿನ ಬೆಂಚಿನ ಸಂಸದ.

2017ರಲ್ಲಿ ಎಲ್ಲ ತಲೆಕೆಳಗಾಯ್ತು.

ಆಸ್ಟ್ರೇಲಿಯಾ ಸಂವಿಧಾನದ ಸೆಕ್ಷನ್ 44 ಪ್ರಕಾರ ಬೇರೆ ದೇಶದ ಪೌರತ್ವ ಇರೋರು ಸಂಸದರಾಗೋ ಹಾಗಿಲ್ಲ. ಕೇಳೋಕೆ ನ್ಯಾಯವಾಗೇ ಇದೆ. ಆದ್ರೆ ಆ ಸಂವಿಧಾನ ಜಾರಿಗೆ ಬಂದಿದ್ದು 1901ರಲ್ಲಿ. ಆಗ ಆಸ್ಟ್ರೇಲಿಯನ್ನರೆಲ್ಲ ಬ್ರಿಟಿಷ್ ಪ್ರಜೆಗಳು. ‘ಆಸ್ಟ್ರೇಲಿಯನ್ ಪೌರತ್ವ’ ಅನ್ನೋದು ಹುಟ್ಟಿದ್ದೇ 1949ರಲ್ಲಿ. ಅಂದ್ರೆ ಆ ಸಾಲು ಬರೆದವರಿಗೆ ಬ್ರಿಟನ್ ಹೊರದೇಶ ಅಲ್ಲವೇ ಅಲ್ಲ. ಕೊನೆಗೆ 1999ರಲ್ಲಿ ಅಲ್ಲಿನ ಹೈಕೋರ್ಟ್, ನಮ್ಮ ಲೆಕ್ಕದಲ್ಲಿ ಸುಪ್ರೀಂ ಕೋರ್ಟ್, ಬ್ರಿಟನ್ ಕೂಡ ‘ವಿದೇಶಿ ಶಕ್ತಿ’ಯೇ ಅಂತ ಹೇಳಿತು.

2017ರ ಜುಲೈನಲ್ಲಿ ಗ್ರೀನ್ಸ್ ಪಕ್ಷದ ಸ್ಕಾಟ್ ಲಡ್ಲಂ ರಾಜೀನಾಮೆ ಕೊಟ್ಟರು. ಚಿಕ್ಕ ಮಗುವಾಗಿದ್ದಾಗಲೇ ನ್ಯೂಜಿಲೆಂಡ್‌ನಿಂದ ಬಂದವರು, ಅಲ್ಲಿನ ಪೌರತ್ವ ಇನ್ನೂ ಉಳ್ಕೊಂಡಿತ್ತು. ಆಮೇಲೆ ಒಬ್ಬರಾದ ಮೇಲೆ ಒಬ್ಬರು. ಅಕ್ಟೋಬರ್ 27ರಂದು ಹೈಕೋರ್ಟ್ ಏಳು ಜನರ ಪೈಕಿ ಐವರನ್ನ ಅನರ್ಹ ಅಂತ ತೀರ್ಪು ಕೊಟ್ಟಿತು. ಅದರಲ್ಲಿ ಉಪಪ್ರಧಾನಿ ಬಾರ್ನಬಿ ಜಾಯ್ಸ್ ಕೂಡ ಇದ್ದರು. ತಾತ್ಪರ್ಯ ಇಷ್ಟೇ: ನನಗೆ ಗೊತ್ತಿರಲಿಲ್ಲ ಅಂದ್ರೆ ನಡೆಯಲ್ಲ.

ಅಲೆಕ್ಸಾಂಡರ್ ಅವರ ತಂದೆ ಬ್ರಿಟನ್‌ನಲ್ಲಿ ಹುಟ್ಟಿ 1911ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದವರು. ಅಪ್ಪ ಆ ಪೌರತ್ವವನ್ನ ತಾನು ಹುಟ್ಟೋಕೆ ಮೊದಲೇ ಬಿಟ್ಟಿದ್ದರು ಅಂತ ಮಗ ನಂಬಿದ್ದರು. ಪುರಾವೆ ಸಿಗಲಿಲ್ಲ. 2017ರ ನವೆಂಬರ್ 11ರಂದು, ಹೈಕೋರ್ಟ್ ತೀರ್ಪಿಗೆ ಕಾಯದೆ ರಾಜೀನಾಮೆ ಘೋಷಿಸಿದರು. 17ನೇ ವಯಸ್ಸಿಂದ ಆಸ್ಟ್ರೇಲಿಯಾ ತಂಡಕ್ಕೆ ಆಡಿದ ಮನುಷ್ಯ, ಕಾಗದದಲ್ಲಿ ಬಹುಶಃ ಬ್ರಿಟಿಷ್!

ಇನ್ನೊಂದು ವಿಪರ್ಯಾಸ ನೋಡಿ. ಬೆನೆಲಾಂಗ್ ಅನ್ನೋದು ಸಿಡ್ನಿಯ ಮೂಲನಿವಾಸಿ ಒಬ್ಬರ ಹೆಸರು. ಬ್ರಿಟಿಷರು ಬಂದಿಳಿದಾಗ ಅಲ್ಲಿದ್ದವರು, 1792ರಲ್ಲಿ ಅವರ ಜೊತೆ ಇಂಗ್ಲೆಂಡಿಗೂ ಹೋಗಿದ್ದವರು. ಅವರ ಹೆಸರಿನ ಸೀಟು ಖಾಲಿಯಾಗಿದ್ದು ಬ್ರಿಟಿಷ್ ಪೌರತ್ವದ ಕಾರಣಕ್ಕೆ.

ಇದು ಒಬ್ಬರ ಸೀಟಿನ ವಿಷಯ ಮಾತ್ರ ಅಲ್ಲ. ಪ್ರಧಾನಿ ಮಾಲ್ಕಮ್ ಟರ್ನ್‌ಬುಲ್ ಅವರ ಕೂಟಕ್ಕೆ 2016ರಲ್ಲಿ ಸಿಕ್ಕಿದ್ದು 150ರಲ್ಲಿ 76. ಬರೀ ಒಂದು ಸೀಟಿನ ಬಹುಮತ. ಜಾಯ್ಸ್ ಡಿಸೆಂಬರ್ 2ರ ಉಪಚುನಾವಣೆಯಲ್ಲಿ ವಾಪಸ್ ಗೆದ್ದರು. ಇನ್ನು ಬೆನೆಲಾಂಗ್ ಹೋದ್ರೆ ಆ ಒಂದು ಸೀಟಿನ ಬಹುಮತವೂ ಹೋಗುತ್ತೆ. ಲೇಬರ್ ಪಕ್ಷ ಇಳಿಸಿದ್ದು ನ್ಯೂ ಸೌತ್ ವೇಲ್ಸ್‌ನ ಮಾಜಿ ಪ್ರೀಮಿಯರ್, ಅಂದ್ರೆ ನಮ್ಮ ಮುಖ್ಯಮಂತ್ರಿ ಥರ, ಕ್ರಿಸ್ಟಿನಾ ಕೆನೀಲಿ ಅವರನ್ನ. ಅವರು ಅಮೆರಿಕದಲ್ಲಿ ಹುಟ್ಟಿ, ಅಲ್ಲಿನ ಪೌರತ್ವ ಬಿಟ್ಟವರು. ಆಸ್ಟ್ರೇಲಿಯಾದಲ್ಲಿ ಹುಟ್ಟಿದವರ ಕಾಗದದಲ್ಲಿ ತೊಂದರೆ, ಅಮೆರಿಕದಲ್ಲಿ ಹುಟ್ಟಿದವರದ್ದು ಪಕ್ಕಾ.

ಡಿಸೆಂಬರ್ 16, ಮತದಾನ. ಪೌರತ್ವದ ಗಂಟು ಬಿಡಿಸ್ಕೊಂಡು ಬಂದಿದ್ದ 66 ವರ್ಷದ ಅಲೆಕ್ಸಾಂಡರ್ ಶೇ 55ರ ಹತ್ತಿರ ಮತ ಪಡೆದು ಗೆದ್ದರು. ಹಿಂದಿನ ಸಲಕ್ಕಿಂತ ಸುಮಾರು ಶೇ 5ರಷ್ಟು ಕಡಿಮೆ, ಆದ್ರೂ ಸರ್ಕಾರ ಉಳೀತು. 2022ರಲ್ಲಿ ಅವರು ಸ್ಪರ್ಧಿಸಲಿಲ್ಲ, ಆ ಸಲ ಸೀಟು ಲೇಬರ್ ಪಾಲಾಯ್ತು.

ಈಗ ನಮ್ಮ ಕಡೆ ನೋಡೋಣ. ನಮ್ಮ ಸಂವಿಧಾನದ 102ನೇ ವಿಧಿಯೂ ಸಂಸದರಿಗೆ ವಿದೇಶಿ ಪೌರತ್ವ ಬೇಡ ಅನ್ನುತ್ತೆ. ಆದ್ರೆ ಅದರಲ್ಲಿ ಒಂದು ಪದ ಇದೆ, ‘ಸ್ವಇಚ್ಛೆಯಿಂದ’. ನೀವಾಗೇ ಹೋಗಿ ವಿದೇಶಿ ಪೌರತ್ವ ತಗೊಂಡಿದ್ರೆ ಅನರ್ಹ. ಆಸ್ಟ್ರೇಲಿಯಾದ ಸೆಕ್ಷನ್ 44ರಲ್ಲಿ ಆ ಪದ ಇಲ್ಲ. ಅಲ್ಲಿ ನೀವು ಕೇಳದೇ ಇದ್ದರೂ, ಅಪ್ಪನ ಕಡೆಯಿಂದ ತಾನಾಗೇ ಬಂದ ಪೌರತ್ವವೂ ಅಡ್ಡ ಬರುತ್ತೆ. 2021ರ ಜನಗಣತಿ ಪ್ರಕಾರ ಆಸ್ಟ್ರೇಲಿಯಾದ ಅರ್ಧಕ್ಕಿಂತ ಹೆಚ್ಚು ಜನ ಒಂದೋ ತಾವೇ ಹೊರದೇಶದಲ್ಲಿ ಹುಟ್ಟಿದವರು, ಇಲ್ಲಾ ಅಪ್ಪ-ಅಮ್ಮನಲ್ಲಿ ಒಬ್ಬರಾದ್ರೂ ಹೊರಗೆ ಹುಟ್ಟಿದವರು. ಅಂಥ ದೇಶದಲ್ಲಿ ಈ ಸಾಲು ಎಷ್ಟು ಜನರನ್ನ ಬಾಗಿಲಲ್ಲೇ ತಡೆದು ನಿಲ್ಲಿಸಬಹುದು, ಯೋಚಿಸಿ.

ನನಗನ್ನಿಸೋದು, ಸಂಸದರ ನಿಷ್ಠೆ ಒಂದೇ ದೇಶಕ್ಕೆ ಇರಲಿ ಅನ್ನೋ ಆಸೆ ತಪ್ಪಲ್ಲ. ಆದ್ರೆ ನಿಷ್ಠೆಯನ್ನ ಅಳೆಯೋಕೆ ಅಪ್ಪನ ಜನನ ಪತ್ರ ಸರಿಯಾದ ಅಳತೆಗೋಲು ಅಲ್ಲ. ಕಲ್ಕತ್ತಾದಲ್ಲಿ 212 ಗೇಮ್ ಆಡಿದವರು ಯಾವ ದೇಶದವರು ಅಂತ ಅವತ್ತು ಯಾರಿಗೂ ಅನುಮಾನ ಇರಲಿಲ್ಲ.

ನಿಮ್ಮ ಅಣ್ಣನೋ ಅಕ್ಕನೋ ಮೆಲ್ಬರ್ನ್‌ನಲ್ಲೋ ಸಿಡ್ನಿಯಲ್ಲೋ ಇದ್ರೆ ಈ ಸಂಚಿಕೆ ಅವರಿಗೂ ಕಳಿಸಿ, ಅವರ ಮಕ್ಕಳು ನಾಳೆ ಅಲ್ಲಿ ಚುನಾವಣೆಗೆ ನಿಲ್ಲಬಹುದು. ಮುಂದಿನ ವಾರ ಮತ್ತೆ ಸಿಗೋಣ.