ಬಸವ ಜಯಂತಿಯ ಬೀದಿ

ಜಪಾನಿನಲ್ಲಿ ವಸಂತ ಬಂದರೆ ಜನ ಚೆರಿ ಹೂವಿನ ಮರಗಳ ಕೆಳಗೆ ಕೂಡುತ್ತಾರೆ. ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ವೈಶಾಖದಲ್ಲಿ ಹೂವಿಗಿಂತ ಧೂಳೇ ಹೆಚ್ಚು. ಆದರೂ ಅಕ್ಷಯ ತೃತೀಯೆಯ ದಿನ ಬಸವ ಜಯಂತಿಯ ಮೆರವಣಿಗೆ ಹೊರಟಿತೆಂದರೆ ನೀವು ನಿಂತು ನೋಡಬೇಕು.

ಈ ಬೀದಿ ಹಬ್ಬ ಬಹಳ ಹಳೆಯದೇನಲ್ಲ. ಲೋಕಮಾನ್ಯ ತಿಲಕರು 1893ರಲ್ಲಿ ಗಣೇಶೋತ್ಸವಕ್ಕೆ ಸಾರ್ವಜನಿಕ ರೂಪ ಕೊಟ್ಟರು. ಅವರ ವಿಚಾರಗಳಿಗೆ ಮನಸೋತಿದ್ದ ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಮರಾಠಿ ನಾಡಿನ ರೀತಿ ಕನ್ನಡಕ್ಕೆ ಹೋಗಿ, ಕನ್ನಡದ ಹಬ್ಬವಾಗಿ ಇಲ್ಲಿಗೆ ಮರಳಿತೆನ್ನಿ.

ಗಡಿಯಾದರೂ ನಿನ್ನೆ ಮೊನ್ನೆಯದು. ನಿಜಾಮರ ಕಾಲದಲ್ಲಿ ಉದಗೀರ, ನಿಲಂಗಾ ಬೀದರ ಜಿಲ್ಲೆಯವು. 1948ರ ಸಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಬೀದರ ಮೈಸೂರಿಗೆ ಬಂತು. ಈ ತಾಲ್ಲೂಕುಗಳು ಉಸ್ಮಾನಾಬಾದ್ ಜಿಲ್ಲೆಗೆ, ಅಂದರೆ ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಹೊಸ ಲಾತೂರ ಜಿಲ್ಲೆಯ ಪಾಲಾದವು. ಉಮರ್ಗಾ ಉಸ್ಮಾನಾಬಾದಿನಲ್ಲೇ, ಇಂದಿನ ಧಾರಾಶಿವದಲ್ಲೇ ಉಳಿಯಿತು. ಸೊಸೆ ಆ ಕಡೆಯವಳು, ಬೀಗರು ಈ ಕಡೆಯವರು!

12ನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದ ಕಲ್ಯಾಣ ಇಲ್ಲಿಂದ ದೂರವಿಲ್ಲ. ಮನೆಯಲ್ಲಿ ಕನ್ನಡವಾಡಿ, ಶಾಲೆಯಲ್ಲಿ ಮರಾಠಿ ಕಲಿತ ಮಕ್ಕಳು ವಚನವನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುವುದುಂಟು. ತಪ್ಪೆನ್ನಲಾರೆ. ಅಜ್ಜಿ ಬಾಯಿಪಾಠ ಮಾಡಿಸಿಯಾಳು. ಅಕ್ಷರ ಕಲಿಸುವವರು ಯಾರು? ಈ ಸಲ ಮೆರವಣಿಗೆಗೆ ಹೋದರೆ ಫಲಕ ಯಾವ ಲಿಪಿಯಲ್ಲಿದೆ ನೋಡಿ. ಹಿಂದೆ ನಡೆಯುವ ಹೆಂಗಸರು ಯಾವ ನುಡಿಯಲ್ಲಿ ಮಾತಾಡುತ್ತಾರೆ, ಅದನ್ನೂ ಕೇಳಿ.